ಮಹಡಿ ಮನೆಗೆ ಪರದೆ

ಮಾರ್ಚ್ ೪, ಸೋಮವಾರ

ಇವತ್ತೂ ಮನೆ ಸಿಕ್ಕಿತು. ಎರಡು ಕೋಣೆ, ಗಾಳಿ ಬೆಳಕು ಧಾರಾಳ. ಮನೆಯ ಯಜಮಾನರು ಬೀಗದ ಕೈಯನ್ನು ಅಲ್ಲೇ ಕೊಟ್ಟುಬಿಡುವ ಹುಮ್ಮಸ್ಸಿನಲ್ಲಿದ್ದರು. ನಿಮ್ಮಂಥವರು ಬಂದರೆ ನಮಗೂ ನೆಮ್ಮದಿ ಎಂದರು. ನಮ್ಮ ಮನೆಯವರನ್ನು ಕೇಳಿ ಹೇಳುತ್ತೇನೆಂದು ಜಾರಿಕೊಂಡೆ. ಮನೆಯವರು ಎಂದರೆ ಕೇಂದ್ರದವರು ಈ ಕೆಲಸಕ್ಕಾಗಿ ನನಗೆ ಕಥೆ ಕಟ್ಟಿ ಕೊಟ್ಟಿರುವ ಗಂಡ. ಪರ ಊರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ, ಕುಡಿಯುವುದಿಲ್ಲ, ಕೂಗಾಡುವುದಿಲ್ಲ. ನಾನು ನಿಜವಾಗಿ ಕಟ್ಟಿಕೊಂಡು ಬಿಟ್ಟುಬಂದವನಿಗಿಂತ ಎಷ್ಟೋ ವಾಸಿ.

ಬೆಳಿಗ್ಗೆ ಕನ್ನಡಕದ ಅಂಗಡಿ, ಮಧ್ಯಾಹ್ನದ ಮೇಲೆ ವಸತಿ ಹಕ್ಕಿನ ಕೇಂದ್ರ. ಅಕ್ಕನಿಗೆ ಯಾವುದೋ ಸರ್ವೆ ಕೆಲಸ ಎಂದಷ್ಟೇ ಹೇಳಿದ್ದೇನೆ. ನಿಜ ಹೇಳಿದರೆ ಊರ ಉಸಾಬರಿ ನಿನಗ್ಯಾಕೆ ಎನ್ನುತ್ತಾಳೆ. ಆದರೆ ಯಾರಿಗೂ ಹೇಳದಿದ್ದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ, ಅದಕ್ಕೇ ಇಲ್ಲಿ ಬರೆದುಕೊಳ್ಳುತ್ತೇನೆ.

ಕೆಲಸ ಸುಲಭದ್ದು. ಒಂದೇ ಖಾಲಿ ಮನೆಯನ್ನು ಇಬ್ಬರು ಬೇರೆ ಬೇರೆಯಾಗಿ ಹೋಗಿ ಕೇಳಬೇಕು. ಇಬ್ಬರದೂ ಒಂದೇ ಕಥೆ: ಅಷ್ಟೇ ಸಂಬಳ, ಅಂಥದೇ ಗಂಡ, ಜೊತೆಗೊಬ್ಬ ತಾಯಿ. ಈಗ ಎಲ್ಲಿದ್ದೀರಿ ಎಂದು ಕೇಳಿದಾಗ ಮಾತ್ರ ಉತ್ತರ ಬೇರೆ. ನಾನು ಅಕ್ಕನ ಬೀದಿಯಂಥ ಬೀದಿಯ ಹೆಸರು ಹೇಳುತ್ತೇನೆ, ನನ್ನ ಜೊತೆಗಾತಿ ನಾಲೆಯ ಆಚೆಯ ಗಲ್ಲಿಯ ಹೆಸರು ಹೇಳುತ್ತಾಳೆ. ನಾಲೆಯ ಆಚೆಯವರಿಗೆ ಮನೆ ಕೊಡುವುದಿಲ್ಲ ಎನ್ನುವಂತಿಲ್ಲ, ಕಾನೂನು ಬಂದು ವರ್ಷಗಳೇ ಆದವು. ಆದ್ದರಿಂದ ಯಾರೂ ಹಾಗೆ ಅನ್ನುವುದಿಲ್ಲ. "ಅಯ್ಯೋ, ನಿನ್ನೆ ತಾನೇ ಹೋಯ್ತಲ್ಲ" ಎನ್ನುತ್ತಾರೆ. ಮರುದಿನ ನಾನು ಹೋಗಿ ನಿಂತರೆ ಹೋದ ಮನೆ ವಾಪಸು ಬಂದಿರುತ್ತದೆ.

ಜೊತೆಗಾತಿ ಹೊಲಿಗೆಯವಳು. ಕೇಂದ್ರದಲ್ಲಿ ಎಲ್ಲರೂ ಸೂಜಿ ಎನ್ನುತ್ತಾರೆ, ಕೈಗೂ ಒಪ್ಪುತ್ತದೆ ನಾಲಿಗೆಗೂ ಒಪ್ಪುತ್ತದೆ. ನನ್ನನ್ನು ಕನ್ನಡಕದಕ್ಕ ಎನ್ನುತ್ತಾಳೆ. ನಾವು ನಮ್ಮ ಮನೆ ಎಲ್ಲಿದೆಯೆಂದು ಒಬ್ಬರಿಗೊಬ್ಬರು ಹೇಳುವಂತಿಲ್ಲ, ಕೆಲಸದ ಹೊತ್ತಿನಲ್ಲಿ ಎದುರಾದರೆ ಗುರುತು ತೋರಿಸುವಂತಿಲ್ಲ. ಗುರುತು ಸಿಕ್ಕಿತೆಂದರೆ ಪರೀಕ್ಷೆ ಕೆಟ್ಟಿತು ಎಂದು ಕೇಂದ್ರದ ವಕೀಲರು ಮೊದಲ ದಿನವೇ ತಲೆಗೆ ತುಂಬಿದ್ದಾರೆ. ಹೋದ ವಾರ ನಾನು ಅವಸರ ಮಾಡಿ ಮುಂಚೆಯೇ ಹೋಗಿಬಿಟ್ಟಿದ್ದೆ, ಸೂಜಿ ಮೆಟ್ಟಿಲ ಮೇಲೆ ಎದುರಾದಳು. ಗೋಡೆಯನ್ನು ನೋಡುವ ಹಾಗೆ ನನ್ನನ್ನು ನೋಡಿ ಇಳಿದು ಹೋದಳು. ಭಲೇ ಅನ್ನಿಸಿತು. ನನಗೂ ಅಷ್ಟು ಚೆನ್ನಾಗಿ ಬರಬೇಕು.

ಮಾರ್ಚ್ ೭, ಗುರುವಾರ

ಅಕ್ಕನ ಮಹಡಿಯವರು ಬಿಟ್ಟು ಹೋದರು. ಗೋಡೆಗೆ ಬಣ್ಣ ಆಯಿತು, ಗೇಟಿಗೆ ಬೋರ್ಡು ಬಿತ್ತು. ಭಾವ ಬೋರ್ಡನ್ನು ಓರೆಯಾಗಿ ಕಟ್ಟಿದರೆಂದು ಅಕ್ಕ ಬೀದಿಯಲ್ಲಿ ನಿಂತು ಎಡಕ್ಕೆ ಬಲಕ್ಕೆ ಎಂದು ಕುಣಿಸಿದಳು. ಭಾವ ಹಳೆಯ ಗಡಿಯಾರ ರಿಪೇರಿ ಮಾಡುವವರು, ತಾಳ್ಮೆಯನ್ನು ಅಲ್ಲಿಂದಲೇ ಕಲಿತಿರಬೇಕು.

ಸಂಜೆ ಕೇಂದ್ರದಲ್ಲಿ ಮನೆ ಮಾಲೀಕರಿಗೆ ಕ್ಲಾಸು. ವಕೀಲರು ಗಂಟಲು ಹರಿದುಕೊಂಡು ಪಾಠ ಮಾಡಿದರು: ಏನು ಕೇಳಬಹುದು, ಏನು ಕೇಳಬಾರದು, ಬಂದವರಿಗೆಲ್ಲ ಒಂದೇ ಮಾತು ಹೇಳಬೇಕು. ಬಿಸ್ಕತ್ತಿಗೆ ಬಂದವರೇ ಹೆಚ್ಚು. ಹಿಂದಿನ ಬೆಂಚಿನಲ್ಲಿದ್ದವರು ಕಿಸಕ್ಕನೆ ನಕ್ಕರು, ನನಗೆ ಮೈಯೆಲ್ಲ ಉರಿಯಿತು. ಇವರನ್ನೆಲ್ಲ ಅಕ್ಕನ ಹತ್ತಿರ ಕಳಿಸಬೇಕು. ನಾನು ಗಂಡನ ಮನೆ ಬಿಟ್ಟಾಗ ಒಂದು ಕೋಣೆ ಕೊಡುವವರು ಈ ಊರಿನಲ್ಲಿ ಯಾರೂ ಇರಲಿಲ್ಲ. ಅಕ್ಕ ತಾನೇ ಬಂದು, ನನ್ನ ಪೆಟ್ಟಿಗೆ ಎತ್ತಿಕೊಂಡು, ನಡಿ ಪುಟ್ಟಿ ಎಂದು ಕರೆತಂದು ಹಿಂದಿನ ಕೋಣೆ ಬಿಟ್ಟುಕೊಟ್ಟಳು. ಅಕ್ಕನಂಥವರು ಇನ್ನಷ್ಟು ಜನ ಇದ್ದಿದ್ದರೆ ಕೇಂದ್ರಕ್ಕೆ ಕೆಲಸವೇ ಇರುತ್ತಿರಲಿಲ್ಲ.

ಮಾರ್ಚ್ ೧೨, ಮಂಗಳವಾರ

ಸೂಜಿ ಅಂಗಡಿಗೆ ಬಂದಿದ್ದಳು. ದಾರ ಪೋಣಿಸಲು ಕಷ್ಟವಂತೆ. ಕುರ್ಚಿಯಲ್ಲಿ ಕೂರಿಸಿ ಗಾಜು ಬದಲಾಯಿಸುತ್ತ, ಇದು ಸ್ಪಷ್ಟವೋ ಅದು ಸ್ಪಷ್ಟವೋ ಎಂದು ಕೇಳುತ್ತ ಹೋದೆ. ನಕ್ಕಳು. ನಮ್ಮ ಇನ್ನೊಂದು ಕೆಲಸವೂ ಇದೇ ಅಲ್ಲವಾ ಅಕ್ಕ, ಅಕ್ಷರ ಅದೇ, ಗಾಜು ಬೇರೆ ಎಂದಳು.

ಅವಳು ಹೊಲಿಯುವ ಜಾಗಕ್ಕೆ ಹಗಲಲ್ಲೂ ದೀಪ ಬೇಕಂತೆ. ಕಣ್ಣು ಹಾಳಾಗುವುದು ಅದಕ್ಕೇ, ಬೆಳಕಿರುವ ಕಡೆ ಕೂತುಕೋ ಎಂದೆ. "ನೋಡ್ತಿದ್ದೀನಿ" ಎಂದಳು. ಏನನ್ನು ನೋಡುತ್ತಿದ್ದಾಳೆ ಎಂದು ನಾನು ಕೇಳಲಿಲ್ಲ, ಮನೆ ವಿಷಯ ಮಾತಾಡಬಾರದೆಂಬ ನಿಯಮ ಇದೆಯಲ್ಲ.

ಮಾರ್ಚ್ ೧೬, ಶನಿವಾರ

ಮೊದಲಿನಿಂದ ಬರೆಯುತ್ತೇನೆ.

ಬೆಳಿಗ್ಗೆ ಗೇಟಿನ ಸದ್ದಾಯಿತು. ಅಕ್ಕ ಬಾಗಿಲು ತೆಗೆದಳು. ನೋಡಿದರೆ ಸೂಜಿ. ಮಹಡಿ ಮನೆ ಕೇಳಿಕೊಂಡು ಬಂದಿದ್ದಳು. ಕೇಂದ್ರದವರು ಅಕ್ಕನ ಮನೆಯನ್ನೇ ಪರೀಕ್ಷೆಗೆ ಆರಿಸಿದ್ದಾರೆ, ನಾನಿಲ್ಲಿ ಇರುವುದು ಅವರಿಗೆ ಗೊತ್ತಿಲ್ಲ. ಸೂಜಿ ನನ್ನನ್ನು ನೋಡಿದಳು. ನಾನು ಗೋಡೆಯಾದೆ.

ಅಕ್ಕ ಬಹಳ ಚೆನ್ನಾಗಿ ಮಾತಾಡಿಸಿದಳು. ಕೂರಿಸಿದಳು, ನನ್ನ ಕೈಯಲ್ಲಿ ನೀರು ತರಿಸಿದಳು. ಈಗ ಎಲ್ಲಿದ್ದೀರಿ ಎಂದು ಕೇಳಿದಳು. ಸೂಜಿ ಗಲ್ಲಿಯ ಹೆಸರು ಹೇಳಿದಳು. ಅಕ್ಕನ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಅಯ್ಯೋ, ನಿನ್ನೆ ತಾನೇ ಮಾತಾಯ್ತಲ್ಲಮ್ಮ. ಬೋರ್ಡು ತೆಗೀಬೇಕಿತ್ತು, ಮರೆತೇಬಿಟ್ವಿ."

ಅಷ್ಟಕ್ಕೇ ಮುಗಿಯಲಿಲ್ಲ. ಹೊಲಿಗೆಯವಳೆಂದು ತಿಳಿದ ಕೂಡಲೇ ಅಕ್ಕನಿಗೆ ಮಹಡಿಯ ಬೋಳು ಕಿಟಕಿಗಳು ನೆನಪಾದವು. ಪರದೆ ಹೊಲಿದು ಕೊಡುತ್ತೀರಾ ಎಂದಳು. ಸೂಜಿ ಚೀಲದಿಂದ ಟೇಪು ತೆಗೆದು ಮೇಲೆ ಹೋದಳು. ಅಳತೆ ತೆಗೆದು ಇಳಿಯುವಾಗ ಮೆಟ್ಟಿಲ ನಡುವೆ ನಿಂತು ನನ್ನನ್ನೇ ನೋಡಿ ಹೇಳಿದಳು, "ಮೇಲೆ ಎರಡೂ ಕಡೆ ಕಿಟಕಿ ಇದೆ. ತುಂಬಾ ಬೆಳಕು." ನಾನು ರೆಪ್ಪೆ ಕೂಡ ಮಿಟುಕಿಸಲಿಲ್ಲ. ಹೌದಾ ಎಂದೆ.

ಅಕ್ಕ ನಿಜವಾಗಿಯೇ ಯಾರಿಗಾದರೂ ಮಾತು ಕೊಟ್ಟಿರಬಹುದು. ಇರಬಹುದು. ಮಧ್ಯಾಹ್ನ ಫೋನಿನಲ್ಲಿ ಯಾರಿಗೋ "ಖಾಲಿ ಇದೆ, ಯಾವಾಗ ಬೇಕಾದ್ರೂ ಬನ್ನಿ" ಎನ್ನುತ್ತಿದ್ದಳು.

ಏನೇ ಆಗಲಿ, ನಾನು ಪರೀಕ್ಷೆ ಕೆಡಿಸಲಿಲ್ಲ. ಅಷ್ಟು ಮಟ್ಟಿಗೆ ಗಟ್ಟಿ.

ಮಾರ್ಚ್ ೧೭, ಭಾನುವಾರ

ಪರೀಕ್ಷೆಯ ಎರಡನೆಯವಳು ಇವತ್ತು ಬರಬೇಕಿತ್ತು, ನನಗೆ ಹೇಳಿಲ್ಲವೆಂದರೆ ಬೇರೆ ಯಾರನ್ನೋ ಕಳಿಸುತ್ತಾರೆ. ಇಡೀ ದಿನ ಗೇಟು ನೋಡುತ್ತ ಕೂತೆ. ಕೂತೆ ಎಂದರೆ ತಪ್ಪು, ಕಿಟಕಿ ಒರೆಸಿದೆ, ಅಡುಗೆಮನೆ ಡಬ್ಬಿಗಳನ್ನೆಲ್ಲ ಇಳಿಸಿ ಮತ್ತೆ ಏರಿಸಿದೆ. ನಿನಗೇನಾಗಿದೆ ಪುಟ್ಟಿ ಎಂದು ಅಕ್ಕ ಹಣೆ ಮುಟ್ಟಿ ನೋಡಿದಳು. ಯಾರೂ ಬರಲಿಲ್ಲ. ಸಮಾಧಾನವಾಗಬೇಕಿತ್ತು.

ಮಾರ್ಚ್ ೧೮, ಸೋಮವಾರ

ಕೇಂದ್ರದಲ್ಲಿ ಸೂಜಿ ಒಬ್ಬಳೇ ಸಿಕ್ಕಳು. ಬಾಗಿಲು ಮುಂದೆ ಮಾಡಿ, ಎಂಥ ನಟನೆ ಮಾರಾಯ್ತಿ, ಪರದೆ ಅಳತೆ ತೆಗೆದಿದ್ದಂತೂ ನನಗೆ ಸಾಧ್ಯವೇ ಇರಲಿಲ್ಲ ಎಂದೆ. ನಾನೂ ಗಟ್ಟಿ ನಿಂತೆ ತಾನೇ ಎಂದೂ ಕೇಳಿದೆ. ಕೇಳಿದ್ದೇನೆ, ಬರೆಯಲು ನಾಚಿಕೆಯಾಗುತ್ತದೆ.

ಅವಳು ನನ್ನ ಮುಖವನ್ನೇ ನೋಡಿದಳು.

"ಟೆಸ್ಟಿಗೆ ಬಂದಿರಲಿಲ್ಲ ಅಕ್ಕ. ಮನೆ ಬೇಕಾಗಿತ್ತು."

ಅವರ ಕಟ್ಟಡವನ್ನು ತಿಂಗಳ ಕೊನೆಗೆ ಕೆಡವುತ್ತಾರಂತೆ. ಬೋರ್ಡು ನೋಡಿ ಬಂದಳಂತೆ. ಒಳಗೆ ನನ್ನನ್ನು ಕಂಡಾಗ, ಸದ್ಯ, ಗುರುತಿನವರು ಇದ್ದಾರೆ ಎಂದುಕೊಂಡಳಂತೆ.

"ನೀವು ಒಂದು ಮಾತಾದ್ರೂ ಆಡ್ತೀರ ಅಂತ ಮೆಟ್ಟಿಲಿಳಿಯೋವಾಗ್ಲೂ ಕಾಯ್ತಿದ್ದೆ."

ಪರದೆ ಯಾಕೆ ಒಪ್ಪಿಕೊಂಡೆ ಎಂದು ಕೇಳಿದೆ. ಬೇರೇನು ಕೇಳಬೇಕೆಂದು ತೋಚಲಿಲ್ಲ. "ಮನೆ ಇಲ್ಲ ಅಂದ್ರೆ ಕೆಲಸವೂ ಬೇಡವಾ?" ಎಂದು ಎದ್ದು ಹೋದಳು.

ಮಾರ್ಚ್ ೧೯

ಅಂಗಡಿಯಲ್ಲಿ ಒಬ್ಬರ ಗಾಜನ್ನು ಇನ್ನೊಬ್ಬರ ಫ್ರೇಮಿಗೆ ಹಾಕಿದೆ. ಬರೆಯಲು ಮನಸ್ಸಿಲ್ಲ.

ಮಾರ್ಚ್ ೨೧, ಗುರುವಾರ

ವಕೀಲರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಸೂಜಿ ದೂರು ಕೊಡಬಹುದು, ಆದರೆ ಇನ್ನೊಬ್ಬರು ಹೋಗಿ ಕೇಳಿ ನೋಡಿಲ್ಲ. ಮಾಲೀಕರು ನಿನ್ನೆ ಮಾತಾಗಿತ್ತು ಎಂದರೆ ಆಯಿತು, ತಪ್ಪು ತಿಳಿವಳಿಕೆ ಎಂದು ಮುಗಿಯುತ್ತದೆ. ಮನೆ ಆಗ ಖಾಲಿ ಇತ್ತು, ಆಮೇಲೂ ಖಾಲಿ ಇದೆ ಎಂದು ಕಣ್ಣಾರೆ ಕಂಡವರು ಯಾರಾದರೂ ಹೇಳಬೇಕು. ಹಾಗೆ ಹೇಳಿದವರು ಆಮೇಲೆ ಎಲ್ಲಿರುತ್ತಾರೆ ಎಂದು ಕೇಳಿದೆ. ವಕೀಲರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. ಅದು ನೀವೇ ಯೋಚಿಸಬೇಕಾದದ್ದು ಎಂದರು.

ಸೂಜಿ ನನ್ನನ್ನು ಏನೂ ಕೇಳಿಲ್ಲ. ಅವಳು ಕೇಳಿದ್ದರೆ ಇಲ್ಲ ಎನ್ನಲು ಒಂದು ದಾರಿಯಾದರೂ ಇರುತ್ತಿತ್ತು.

ದೂರಿಲ್ಲದೆಯೇ ಆಗುವುದಾದರೆ ಆಗಲಿ. ಅಕ್ಕ ಕಲ್ಲಲ್ಲ. ಹೇಳಿ ನೋಡುತ್ತೇನೆ.

ಮಾರ್ಚ್ ೨೩, ಶನಿವಾರ

ಹೇಳಿದೆ. ಕೇಂದ್ರದ ಕೆಲಸವನ್ನೂ ಸೇರಿಸಿ ಎಲ್ಲ ಹೇಳಿದೆ. ಅಕ್ಕ ಬಟ್ಟೆ ಮಡಿಸುತ್ತಿದ್ದಳು, ಮಡಿಸುತ್ತಲೇ ಕೇಳಿದಳು. ಅವಳಿಗೆ ಸೂಜಿಯ ಮೇಲೆ ಏನೂ ಇಲ್ಲವಂತೆ. ಒಳ್ಳೆಯ ಹುಡುಗಿ, ಕೆಲಸ ಅಚ್ಚುಕಟ್ಟು. ಆದರೆ ಬೀದಿಯವರಿಗೆ ಏನು ಉತ್ತರ ಕೊಡುವುದು? ನಾಳೆ ಅವರ ಕಡೆಯವರೆಲ್ಲ ಬಂದು ಹೋಗಿ ಮಾಡುತ್ತಾರೆ. ಆಮೇಲೆ ಬಾಯಿಗೆ ಬೀಗ ಹಾಕಲಾಗುತ್ತದಾ?

ನಾನು ಬಂದಾಗಲೂ ಬೀದಿಯವರು ಮಾತಾಡಿದ್ದರು. ಗಂಡನ್ನ ಬಿಟ್ಟು ಬಂದವಳು ಎಂದು ಕೇಳುವ ಹಾಗೇ ಹೇಳುತ್ತಿದ್ದರು. ಆಗ ಇದೇ ಅಕ್ಕ ಗೇಟಿನಲ್ಲಿ ನಿಂತು, ನನ್ನ ಮನೆ, ನನ್ನಿಷ್ಟ ಎಂದಿದ್ದಳು. ಅದನ್ನು ನೆನಪಿಸಿದೆ.

"ನೀನು ನನ್ನ ತಂಗಿ ಕಣೇ. ಎರಡೂ ಒಂದೇನಾ?"

"ಬೀದಿಯವರ ಬಾಯಿ ಒಂದೇ ಅಲ್ವಾ ಅಕ್ಕ?"

ಮಡಿಸಿದ್ದ ಬಟ್ಟೆಯನ್ನು ಬಿಡಿಸಿ ಮತ್ತೆ ಮಡಿಸಿದಳು. ನಿನಗೆ ಜಾಗ ಕೊಟ್ಟಿದ್ದಕ್ಕೆ ಈಗ ಲೆಕ್ಕ ಕೇಳುತ್ತೀಯಾ ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನನಗೆ ಅವಳ ಕಾಲು ಹಿಡಿಯಬೇಕೆನ್ನಿಸಿತು, ಎದ್ದು ಬಾಗಿಲು ಧಡಾರನೆ ಹಾಕಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡದೆ ಹೊರಗೆ ಹೋಗಿ ನಾಲೆಯ ಸೇತುವೆಯವರೆಗೆ ನಡೆದು ವಾಪಸು ಬಂದೆ. ಬಂದವಳು ಮತ್ತೆ ಹೋದೆ.

ಮಾರ್ಚ್ ೨೪, ಭಾನುವಾರ

ಬೆಳಿಗ್ಗೆ ಫೋನು ಬಂತು. ಅಕ್ಕ ಎತ್ತಿಕೊಂಡು, ಎಲ್ಲಿದ್ದೀರಿ ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ಫೋನನ್ನು ಅಂಗೈಯಿಂದ ಮುಚ್ಚಿ ನನ್ನ ಕಡೆ ಚಾಚಿದಳು. ನಿನ್ನೆಯ ಜಗಳ ಮರೆತವಳ ಹಾಗೆ, ಅಥವಾ ಮರೆಸಲು ಬಂದವಳ ಹಾಗೆ.

"ನೀನೇ ಹೇಳಿಬಿಡು ಪುಟ್ಟಿ. ನಿನಗಾದ್ರೆ ಯಾರಿಗೂ ನೋವಾಗದ ಹಾಗೆ ಮಾತಾಡೋಕೆ ಬರುತ್ತೆ."

ಯಾರೋ ವಯಸ್ಸಾದವರ ಧ್ವನಿ, ಹಲೋ ಹಲೋ ಎನ್ನುತ್ತಿತ್ತು. ಆ ಮಾತು ನನ್ನ ನಾಲಿಗೆಯ ತುದಿಗೆ ತಾನಾಗಿಯೇ ಬಂತು. ಸೂಜಿಯ ಬಾಯಲ್ಲಿ ಕೇಳಿ ಎಷ್ಟು ಸಲ ಬರೆದುಕೊಂಡಿದ್ದೇನೆ ಅದನ್ನು. ಅಯ್ಯೋ, ನಿನ್ನೆ ತಾನೇ ಎನ್ನುವಾಗ ಯಾವ ಅಕ್ಷರವನ್ನು ಎಳೆಯಬೇಕೆಂದೂ ಗೊತ್ತು.

"ಖಾಲಿ ಇದೆ. ಬಂದು ನೋಡಿ" ಎಂದೆ.

ಅಕ್ಕ ಫೋನು ಕಿತ್ತುಕೊಳ್ಳಲಿಲ್ಲ. ಒಳಗೆ ಹೋದಳು. ಆ ದನಿಯವರು ಯಾಕೋ ಬರಲಿಲ್ಲ. ನನ್ನ ಮಾತನ್ನು ನಂಬಿರಲಿಕ್ಕಿಲ್ಲ.

ಮಾರ್ಚ್ ೨೫

ಸೂಜಿ ದೂರು ಕೊಟ್ಟಳು, ನಾನು ಸಾಕ್ಷಿಯ ಹೇಳಿಕೆ ಬರೆದುಕೊಟ್ಟು ಬಂದೆ. ಮನೆಗೆ ಬಂದು ಅಕ್ಕನಿಗೆ ನಾನೇ ತಿಳಿಸಿದೆ. ಊಟಕ್ಕೆ ಕರೆಯಲಿಲ್ಲ. ಭಾವ ಒಂದು ತಟ್ಟೆ ತಂದು ಬಾಗಿಲ ಹತ್ತಿರ ಇಟ್ಟು ಹೋದರು.

ಏಪ್ರಿಲ್ ೫, ಶುಕ್ರವಾರ

ವಿಚಾರಣೆ ಮುಗಿಯಿತು. ಉದ್ದನೆಯ ಮೇಜು, ಕಿರುಗುಟ್ಟುವ ಫ್ಯಾನು. ದೂರು ಕೇಳುವ ಅಧಿಕಾರಿಗೆ ನೆಗಡಿ, ಎಲ್ಲರನ್ನೂ ಎರಡೆರಡು ಸಲ ಕೇಳುತ್ತಿದ್ದರು. ಸೂಜಿಯ ಕಟ್ಟಡ ಹೋಯಿತು. ಅವಳ ತಾಯಿ ಚಿಕ್ಕಮ್ಮನ ಮನೆಯಲ್ಲಿ, ಮೆಷಿನ್ನು ಕೇಂದ್ರದ ಕ್ಲಾಸಿನ ಕೋಣೆಯಲ್ಲಿ ಬೆಂಚುಗಳ ನಡುವೆ. ಅದರ ಮೇಲೇ ಅಕ್ಕನ ಪರದೆಗಳನ್ನು ಹೊಲಿದು ಮುಗಿಸಿ ವಿಚಾರಣೆಗೂ ಮೊದಲೇ ತಲುಪಿಸಿದ್ದಾಳೆ. ಜಗಳ ಬೇರೆ, ಒಪ್ಪಿಕೊಂಡ ಕೆಲಸ ಬೇರೆಯಂತೆ.

ಅಕ್ಕ ಮಸುಕಾದ ಕನ್ನಡಕವನ್ನು ಒರೆಸುತ್ತ, ಆಗಲೇ ಮಾತು ಕೊಟ್ಟಾಗಿತ್ತು ಎಂದಳು. ಆ ಕನ್ನಡಕ ನಾನೇ ಮಾಡಿಸಿಕೊಟ್ಟದ್ದು. ಅಧಿಕಾರಿ ನನ್ನ ಕಡೆ ತಿರುಗಿದರು. ಖಾಲಿ ಇತ್ತು ಎಂದೆ. ಕೇಳಿಸಲಿಲ್ಲ ಎಂದರು. ಮತ್ತೆ ಗಟ್ಟಿಯಾಗಿ ಹೇಳಬೇಕಾಯಿತು. ಒಂದು ಸಲ ಹೇಳುವುದಕ್ಕೇ ನನ್ನ ಜೀವ ಬಾಯಿಗೆ ಬಂದಿತ್ತು.

ಮಹಡಿಯನ್ನು ಸೂಜಿಗೆ ಕೊಡಬೇಕು, ಅಕ್ಕ ಕೇಂದ್ರದ ಕ್ಲಾಸಿಗೆ ಹಾಜರಾಗಬೇಕು ಎಂದಾಯಿತು. ಬೇಡವೆಂದವರ ತಲೆಯ ಮೇಲೆ ಹೇಗೆ ಇರುತ್ತೀ ಎಂದು ಸೂಜಿಯನ್ನು ಹೊರಗೆ ಕೇಳಿದೆ. "ನನಗೆ ಬೇಕಾಗಿರೋದು ಬೆಳಕು ಅಕ್ಕ, ಪ್ರೀತಿ ಅಲ್ಲ" ಎಂದಳು. ಸ್ವಲ್ಪ ದೂರ ಹೋಗಿ ವಾಪಸು ಬಂದು ನನ್ನ ಕೈ ಹಿಡಿದುಕೊಂಡಳು.

ಅಕ್ಕ ದಾರಿಯುದ್ದಕ್ಕೂ ಭಾವನ ಜೊತೆ ಮಾತ್ರ ಮಾತಾಡಿದಳು. ಮನೆ ತಲುಪಿದ ಮೇಲೆ ಬೆನ್ನು ತಿರುಗಿಸಿಯೇ ಹೇಳಿದಳು, "ನಿನ್ನ ಮುಖ ನೋಡೋಕಾಗ್ತಿಲ್ಲ ನನಗೆ."

ಏಪ್ರಿಲ್ ೧೪, ಭಾನುವಾರ

ಕೋಣೆ ಹಿಡಿದಾಯಿತು. ನಾಲೆಯ ಆಚೆಯ ಗಲ್ಲಿಯಲ್ಲಿ ಸೂಜಿಯ ಚಿಕ್ಕಮ್ಮನ ಮನೆಯ ಮುಂಭಾಗ, ನಾಲೆಗೆ ಮುಖ ಮಾಡಿದೆ. ಭಾವ ಪೆಟ್ಟಿಗೆಯನ್ನು ಟ್ಯಾಕ್ಸಿವರೆಗೆ ಹೊತ್ತು ತಂದರು. ಹೋಗಿ ಬಾ ಎನ್ನಲೂ ಆಗದೆ, ಹೋಗಬೇಡ ಎನ್ನಲೂ ಆಗದೆ, ಹಿಡಿ ಸಡಿಲವಾಗಿದೆ ಹುಷಾರು ಎಂದರು. ಅಕ್ಕ ಹೊರಗೆ ಬರಲಿಲ್ಲ. ಬರುತ್ತಾಳೆಂದು ಟ್ಯಾಕ್ಸಿಯವನನ್ನು ಸುಮ್ಮನೆ ಕಾಯಿಸಿದೆ.

ಈ ಕೋಣೆಯ ಬೆಲೆ ಎಷ್ಟೆಂದು ಈಗ ಗೊತ್ತಾಗುತ್ತಿದೆ. ಇಡೀ ಊರಿನಲ್ಲಿ ಗಂಡ ಎಲ್ಲಿ ಎಂದು ಕೇಳದೆ ಬಾಗಿಲು ತೆಗೆದವರು ಇವರೊಬ್ಬರೇ. ಸುಳ್ಳು ಗಂಡನನ್ನು ಕಟ್ಟಿಕೊಂಡು ಹೋದಾಗ ಬೀಗದ ಕೈ ನೀಡಿದ ಮನೆಗಳು, ನಾನೊಬ್ಬಳೇ ಎಂದು ನಿಜ ಹೇಳಿದ ಕೂಡಲೇ ಭರ್ತಿಯಾಗುತ್ತಿದ್ದವು. ಚಿಕ್ಕಮ್ಮ ಕೇಳಿದ್ದು ಒಂದೇ, ಗೊರಕೆ ಹೊಡೆಯುತ್ತೀಯಾ ಎಂದು. ಹೊಡೆಯುತ್ತೇನೆ ಎಂದೆ. ಹಾಗಾದರೆ ನನ್ನದು ಕೇಳಿಸುವುದಿಲ್ಲ ಬಿಡು ಎಂದರು.

ಏಪ್ರಿಲ್ ೨೬, ಶುಕ್ರವಾರ

ಕೇಂದ್ರದವರು ನನ್ನ ಪಾತ್ರ ಬದಲಾಯಿಸಿದ್ದಾರೆ. ಈಗ ಗಲ್ಲಿಯ ಹೆಸರು ಹೇಳುವವಳು ನಾನು, ನನ್ನ ವಿಳಾಸ ಅದೇ ತಾನೇ. ಇವತ್ತು ಮೊದಲನೆಯದು. ಹೂವಿನ ಕುಂಡಗಳ ಮನೆ, ನಗುಮುಖದ ಹೆಂಗಸು. ಅಯ್ಯೋ, ನಿನ್ನೆ ತಾನೇ ಹೋಯ್ತಲ್ಲ ಎಂದಳು. ನೀರು ಕೊಟ್ಟಳು.

ಆ ಮಾತು ನನಗೆ ಬಾಯಿಪಾಠ. ಬರುತ್ತದೆಂದು ಗೊತ್ತಿತ್ತು, ಆ ಮನೆ ನನಗೆ ಬೇಕಾಗಿಯೂ ಇರಲಿಲ್ಲ. ಆದರೂ ಬಸ್ಸಿನಲ್ಲಿ ಕೂತಾಗ ಕೆನ್ನೆ ಉರಿಯುತ್ತಿತ್ತು. ನಾವೇನು ಇವರ ಗೋಡೆ ಕಿತ್ತುಕೊಂಡು ಹೋಗುತ್ತೇವಾ? ಎರಡು ನಿಲ್ದಾಣ ಮೊದಲೇ ಇಳಿದು ನಡೆದುಕೊಂಡು ಬಂದೆ, ಕೂರಲು ಆಗಲಿಲ್ಲ.

ವಕೀಲರು ಹೇಳಿದರು, ಅಕ್ಕ ಕ್ಲಾಸಿಗೆ ಬರುತ್ತಿದ್ದಾಳಂತೆ. ಮುಂದಿನ ಬೆಂಚು, ಬಿಸ್ಕತ್ತು ಮುಟ್ಟುವುದಿಲ್ಲವಂತೆ.

ಮೇ ೧೧, ಶನಿವಾರ

ಸೂಜಿಯ ಕನ್ನಡಕ ಸಿದ್ಧವಾಗಿ ಎಷ್ಟೋ ದಿನವಾಗಿತ್ತು, ಈ ಗಲಾಟೆಯಲ್ಲಿ ಅಂಗಡಿಯಲ್ಲೇ ಉಳಿದಿತ್ತು. ಅಂಗಡಿಗೆ ಬಂದು ತೆಗೆದುಕೊಂಡು ಹೋಗು ಎನ್ನಬಹುದಿತ್ತು. ನಾನೇ ಕೊಡುತ್ತೇನೆಂದು ಹೊರಟೆ. ಯಾಕೆ ಹೊರಟೆನೆಂದು ಕೇಳಿಕೊಳ್ಳುವುದು ಬೇಡ.

ಮಹಡಿಯ ಕಿಟಕಿಗಳಲ್ಲಿ ಪರದೆ ಸರಿದಿತ್ತು, ಮೆಷಿನ್ನಿನ ಸದ್ದು ಬೀದಿಗೆ ಕೇಳುತ್ತಿತ್ತು. ಗೇಟಿನಲ್ಲಿ ಮತ್ತೆ ಬೋರ್ಡು. ಹಿಂದಿನ ಕೋಣೆ ಬಾಡಿಗೆಗೆ ಇದೆ. ಓರೆಯಾಗಿತ್ತು, ಭಾವನ ಕೈ. ನನ್ನ ಕೋಣೆ ಅದು. ಅಲ್ಲಿಂದಲೇ ತಿರುಗಿ ಹೋಗಬೇಕೆನ್ನಿಸಿತು. ಅಷ್ಟರಲ್ಲಿ ಅಕ್ಕ ಬಾಗಿಲಿಗೆ ಬಂದಳು. ಇಬ್ಬರೂ ನಿಂತೆವು. ಏನಾದರೂ ಹೇಳಬೇಕಿತ್ತು, ಬಾಯಿಗೆ ಬಂದದ್ದು ರೂಢಿಯ ಮಾತು.

"ಕೋಣೆ ಖಾಲಿ ಇದೆಯಾ?"

ಅಕ್ಕ ನನ್ನನ್ನು ನೋಡಿದಳು. ಈಗ ಎಲ್ಲಿದ್ದೀರಿ ಎಂದು ಕೇಳುವವಳ ಹಾಗೆ ಬಾಯಿ ತೆರೆದು ಮುಚ್ಚಿಕೊಂಡಳು.

"ಖಾಲಿ ಇದೆ. ನೋಡ್ತೀರಾ?"

ಹೂಂ ಎಂದೆ. ಅವಳು ಮುಂದೆ, ನಾನು ಹಿಂದೆ. ಆ ಬಾಗಿಲು ಅಂಟಿಕೊಳ್ಳುತ್ತದೆ, ಭುಜ ಕೊಟ್ಟು ನೂಕಬೇಕು. ಅದು ಗೊತ್ತಿಲ್ಲದ ಬಾಡಿಗೆಯವಳ ಹಾಗೆ ನಿಂತಿದ್ದೆ. ಅಕ್ಕ ನೂಕಿದಳು. ಮಂಚ ಇದ್ದಲ್ಲೇ ಇತ್ತು, ದಿಂಬಿಗೆ ಒಗೆದ ಹೊದಿಕೆ. ಕಿಟಕಿಗೆ ಹೊಸ ಪರದೆ, ಮಹಡಿಯದೇ ಬಟ್ಟೆ. ಮಿಕ್ಕಿತ್ತು, ಮೇಲಿನವಳಿಗೆ ಹೇಳಿ ಹೊಲಿಸಿದೆ ಎಂದಳು. ಪರದೆಯ ಅಂಚನ್ನು ಸರಿಮಾಡಿದಳು, ಸರಿಯಾಗಿಯೇ ಇದ್ದದ್ದನ್ನು.

ಯೋಚನೆ ಮಾಡಿ ಹೇಳುತ್ತೇನೆ ಎಂದೆ. ಬೋರ್ಡು ಹಾಕಿದ್ದೀರಿ, ಅಷ್ಟರಲ್ಲಿ ಬೇರೆ ಯಾರಾದರೂ ಬಂದರೆ ಎಂದೂ ಕೇಳಿದೆ.

"ತುಂಬಾ ಜನ ಬಂದ್ರು" ಎಂದಳು, ನನ್ನ ಕಡೆ ನೋಡದೆ. "ನಿನ್ನೆ ತಾನೇ ಹೋಯ್ತು ಅಂದೆ. ಬೋರ್ಡು ಹಾಕಿದ್ದು ನೀನು ನೋಡ್ಲಿ ಅಂತ."

ನಾನು ಮಂಚದ ತುದಿಗೆ ಕೂತೆ.

"ಹಾಗೆ ಹೇಳ್ಬಾರ್ದಕ್ಕ."

"ಗೊತ್ತು" ಎಂದಳು. "ಕ್ಲಾಸಲ್ಲಿ ಹೇಳಿದ್ರು."

ಆಮೇಲೆ ಇಬ್ಬರೂ ಎಷ್ಟು ಹೊತ್ತು ಆ ಮಂಚದ ಮೇಲೆ ಕೂತಿದ್ದೆವೋ. ಹೊರಡುವಾಗ ಅಕ್ಕ ಸ್ಟೂಲು ತಂದು ತಾನೇ ಬೋರ್ಡು ಬಿಚ್ಚಲು ಹೋದಳು. ಬೇಡ, ಇರಲಿ, ಬಂದವರಿಗೆ ನಿಜ ಹೇಳು, ನಾನೂ ಅವರ ಜೊತೆ ಸಾಲಿನಲ್ಲಿ ನಿಲ್ಲುತ್ತೇನೆ ಎಂದೆ. ನೀನು ಹುಟ್ಟಿದಾಗಿನಿಂದ ಹೀಗೇ ಎಂದು ಬೈದಳು.

ನಾಲೆ ದಾಟಿ ಈಚೆ ಬಂದ ಮೇಲೆ ನೆನಪಾಯಿತು, ಸೂಜಿಯ ಕನ್ನಡಕ ನನ್ನ ಚೀಲದಲ್ಲೇ ಉಳಿದಿದೆ. ನಾಳೆ ಮತ್ತೆ ಆಚೆ ಹೋಗಬೇಕು.